ಕಲೇನ್ ಕೋಟೆ ಪಕ್ಕದ ಹೋಮ್ ಫಾರ್ಮ್: ಸುಮ್ನೆ ದಾಟಿ ಹೋಗಬೇಡಿ

ಸ್ಕಾಟ್ಲೆಂಡ್‌ನ ಏರ್‌ಶೈರ್ ಕಡಲಂಚಿನ ಕಲೇನ್‌ಗೆ ಬಂದವರೆಲ್ಲ ಸೀದಾ ಕೋಟೆಗೇ ಹೋಗುತ್ತಾರೆ. ನನಗೆ ಜಾಸ್ತಿ ಹಿಡಿಸಿದ್ದು ಹೋಮ್ ಫಾರ್ಮ್, ಅಂದರೆ ಕೋಟೆಯವರ ಸ್ವಂತ ಬೇಸಾಯದ ಕಟ್ಟಡಗಳು. ಕೋಟೆಯನ್ನು ರೂಪಿಸಿದ ರಾಬರ್ಟ್ ಆಡಮ್ ಅವರೇ 1770ರ ದಶಕದಲ್ಲಿ ಇದನ್ನೂ ವಿನ್ಯಾಸ ಮಾಡಿದರು. ದನಕರು, ದವಸಧಾನ್ಯಕ್ಕೆ ಇಷ್ಟು ಚಂದದ ಕಟ್ಟಡ ಯಾರು ಕಟ್ಟಿಸುತ್ತಾರೆ, ಅಲ್ವಾ?

ನಡುವೆ ಅಂಗಳ, ಸುತ್ತ ಕಲ್ಲಿನ ಕಟ್ಟಡಗಳು, ಅವುಗಳನ್ನು ಜೋಡಿಸುವ ಕಮಾನುಗಳು. ಒಂದು ಕಮಾನಿನ ಕೆಳಗೆ ನಿಂತು ಮೇಲೆ ನೋಡಿ. ಬೆಣೆಯಂತೆ ಕೆತ್ತಿದ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡೇ ಭಾರ ಹೊತ್ತಿವೆ. ಆ ಕಮಾನಿನಾಚೆ ಕಡಲು ಕಂಡಾಗ ನಾನಂತೂ ಅಲ್ಲಿಂದ ಕದಲಲಿಲ್ಲ.

ಈಗ ಇಲ್ಲಿ ಅಂಗಡಿ, ಊಟದ ಜಾಗ ಇವೆ. 1945ರಿಂದ ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಲ್ಲವನ್ನೂ ನೋಡಿಕೊಳ್ಳುತ್ತಿದೆ. ಮೊದಲು ಅಂಗಳ ಸುತ್ತಿ, ಆಮೇಲೆ ಊಟಕ್ಕೆ ಕೂರಿ.