ಮೇಕಿ ಮೇಕಿ: ಮೂರು ಮಳೆಗಾಲ ಬಳಸಿದ ಮೇಲೆ

ಕಾರವಾರದಲ್ಲಿ ಪ್ರತಿ ಶನಿವಾರ ಐದು ಮಕ್ಕಳ ಜೊತೆ ಕತೆ ಹೇಳುವ ಕೆಲಸ ನನ್ನದು. ಒಬ್ಬನಿಗೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ), ಒಬ್ಬಳಿಗೆ ಕಣ್ಣು ಕಾಣುವುದಿಲ್ಲ, ಇನ್ನೊಬ್ಬ ಮಾತಾಡುವುದಿಲ್ಲ. ಮೊದಲು ನಾನು ಹೇಳುತ್ತಿದ್ದೆ, ಅವರು ಸುಮ್ನೆ ಕೇಳುತ್ತಿದ್ದರು. ಈಗ ಕತೆ ಯಾವಾಗ ಮುಂದೆ ಹೋಗಬೇಕು ಅನ್ನುವುದು ಅವರ ಕೈಯಲ್ಲಿದೆ.

ಮೇಕಿ ಮೇಕಿ ಒಂದು ಪುಟ್ಟ ಬೋರ್ಡ್. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಜೇ ಸಿಲ್ವರ್ ಮತ್ತು ಎರಿಕ್ ರೋಸೆನ್‌ಬಾಮ್ 2012ರಲ್ಲಿ ಹೊರತಂದಿದ್ದು. ಯುಎಸ್‌ಬಿಗೆ ಸಿಕ್ಕಿಸಿದರೆ ಲ್ಯಾಪ್‌ಟಾಪ್ ಇದನ್ನು ಕೀಬೋರ್ಡ್ ಅಂದುಕೊಳ್ಳುತ್ತದೆ. ಒಂದು ಕೈಯಲ್ಲಿ ಬೋರ್ಡ್‌ನ ಅರ್ಥ್ ವೈರ್ ಹಿಡಿದು, ಇನ್ನೊಂದರಲ್ಲಿ ಬೋರ್ಡ್‌ಗೆ ಕ್ಲಿಪ್ ವೈರ್‌ನಿಂದ ಜೋಡಿಸಿದ, ಕರೆಂಟ್ ಹರಿಯುವ ಏನನ್ನಾದರೂ ಮುಟ್ಟಿದರೆ ಕೀ ಒತ್ತಿದ ಹಾಗೆ. ಹೆದರಬೇಡಿ, ಶಾಕ್ ಹೊಡೆಯುವುದಿಲ್ಲ.

ನಮ್ಮ ಕತೆ ಮೊಟ್ಟೆ ಇಡಲು ದಂಡೆಗೆ ಬರುವ ಕಡಲಾಮೆಯದು. ಉಪ್ಪು ಹಾಕಿ ಕಲಸಿದ ಹಿಟ್ಟಿನಲ್ಲಿ ಆಮೆ ಮಾಡಿದೆವು. ಕಡಲ ಚಿಪ್ಪು ಹಾಗೇ ಇಟ್ಟರೆ ನಡೆಯಲಿಲ್ಲ, ಫಾಯಿಲ್ ಸುತ್ತಬೇಕಾಯಿತು. ಮಾರ್ಕೆಟ್‌ನಿಂದ ತಂದ ಬಂಗಡೆ ಮಾತ್ರ ತಂದ ಹಾಗೇ ಕೆಲಸ ಮಾಡಿತು! (ಅದನ್ನು ಇನ್ನೊಮ್ಮೆ ಮಾಡಿಲ್ಲ. ವಾಸನೆ.) ಸ್ಕ್ರ್ಯಾಚ್‌ನಲ್ಲಿ (ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸಾಫ್ಟ್‌ವೇರ್) ಒಬ್ಬರ ಅಜ್ಜಿಯ ದನಿ ರೆಕಾರ್ಡ್ ಮಾಡಿದ್ದೇವೆ, ಕೊಂಕಣಿಯಲ್ಲೇ. ಮನೆಮಾತು ಕೇಳಿದರೆ ಮಕ್ಕಳ ಮುಖವೇ ಬೇರೆ.

ನಾನು ಮಾಡಿದ ತಪ್ಪೊಂದು ಹೇಳಬೇಕು. ಸೆರೆಬ್ರಲ್ ಪಾಲ್ಸಿ ಇರುವ ಹುಡುಗನ ಕೈ ಆಮೆಯ ಮೇಲೆ ಸ್ವಲ್ಪ ಹೊತ್ತು ನಿಂತುಬಿಡುತ್ತಿತ್ತು. ಆಗ ಕೀ ಮತ್ತೆ ಮತ್ತೆ ಒತ್ತಿದ ಹಾಗಾಗಿ ಅಜ್ಜಿಯ ದನಿ ಮೊದಲ ಅಕ್ಷರದಲ್ಲೇ ತೊದಲುತ್ತಿತ್ತು. ಅವನ ಕೈಯನ್ನು ತಿದ್ದಲು ಹೋದೆ. ತಿದ್ದಬೇಕಾಗಿದ್ದು ನನ್ನ ಪ್ರೋಗ್ರಾಂ. ದನಿ ಪೂರ್ತಿ ಮುಗಿಯುವವರೆಗೆ ಕಾಯುವ ಬ್ಲಾಕ್ ಹಾಕಿದೆ, ಸರಿಹೋಯಿತು.

ಕಡಲ ಗಾಳಿಗೆ ಕ್ಲಿಪ್ ತುಕ್ಕು ಹಿಡಿಯುತ್ತದೆ, ಡಬ್ಬಿಯಲ್ಲಿ ಮುಚ್ಚಿಡಿ. ಹಿಟ್ಟು ಒಣಗಿದರೆ ಆಮೆ ಸತ್ತ ಹಾಗೆ. ಲ್ಯಾಪ್‌ಟಾಪ್ ಇಲ್ಲದವರಿಗೆ ಇದು ಬೇಡ.

ಇಬ್ಬರು ಕೈ ಹಿಡಿದುಕೊಂಡರೂ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಆದರೆ ಮಾತಾಡದ ಹುಡುಗನಿಗೆ ಯಾರಾದರೂ ಮುಟ್ಟಿದರೆ ಆಗುವುದಿಲ್ಲ. ಅದಕ್ಕೆ ನಡುವೆ ಒಂದು ಸ್ಟೀಲ್ ಸೌಟು ಕೊಟ್ಟೆವು. ಅರ್ಥ್ ಹಿಡಿದ ಅವನು ಸೌಟಿನ ಒಂದು ತುದಿಯಲ್ಲಿ, ಆಮೆ ಮುಟ್ಟುವ, ಕಣ್ಣು ಕಾಣದ ಹುಡುಗಿ ಇನ್ನೊಂದು ತುದಿಯಲ್ಲಿ. ಅವನು ಸೌಟು ಬಿಟ್ಟರೆ ಮುಂದಿನ ಸಾಲು ಬರುವುದಿಲ್ಲ. ಇದು ಗೊತ್ತಾದ ದಿನದಿಂದ ಬೇಕಂತಲೇ ಬಿಡುತ್ತಾನೆ. ಅವಳು ಬೈಯುತ್ತಾಳೆ, ಅವನು ನಗುತ್ತಾನೆ, ಆಮೆ ಅಲ್ಲೇ ಕಾಯುತ್ತದೆ.

"ಟೀಚರ್, ನಮ್ಮ ಸೌಟು ಯಾವಾಗ ವಾಪಸ್ ಕೊಡ್ತೀರಿ?" ಅಂತ ಅವನ ಅಮ್ಮ ಈಗಲೂ ಕೇಳುತ್ತಾರೆ.