ನಡುಮನೆಗೆ ಎಷ್ಟು ದೊಡ್ಡ ನೆಲಹಾಸು? ಮೂರು ಅಳತೆಗಳನ್ನು ಹಾಸಿ ನೋಡಿದ ಮೇಲೆ

ಬೆಂಗಳೂರಿನ ನಮ್ಮ ಫ್ಲ್ಯಾಟಿನ ನಡುಮನೆ 11 ಅಡಿ ಅಗಲ, 16 ಅಡಿ ಉದ್ದವಿದೆ. ಉದ್ದದ ಗೋಡೆಗೆ ಸೇರಿಸಿ 7 ಅಡಿಯ ಸೋಫಾ ಇಟ್ಟಿದ್ದೇವೆ. ಎದುರಿನ ಗೋಡೆಗೆ ಟಿವಿ ಸ್ಟ್ಯಾಂಡ್ ಇದೆ. ನಡುವೆ 2×4 ಅಡಿಯ ಟೀಪಾಯಿ ಇದೆ. ಈ ಜಾಗಕ್ಕೆ ಹೊಂದುವ ನೆಲಹಾಸಿಗಾಗಿ ಎರಡು ವರ್ಷಗಳ ಅವಧಿಯಲ್ಲಿ 4×6, 5×8 ಮತ್ತು 6×9 ಅಡಿಯ ಮೂರು ಹಾಸುಗಳನ್ನು ಕೊಂಡು ಬಳಸಿ ನೋಡಿದ್ದೇನೆ. ಮೂರೂ ಹತ್ತಿಯವೇ ಆದ್ದರಿಂದ ಇಲ್ಲಿನ ಹೋಲಿಕೆ ಅಳತೆಗೆ ಸಂಬಂಧಿಸಿದ್ದೇ ಹೊರತು ನೂಲಿಗಲ್ಲ.

ಮೊದಲು ತಂದದ್ದು 4×6 ಅಡಿಯ ನವಲಗುಂದದ ಜಮಖಾನೆ. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ಹೆಣ್ಣುಮಕ್ಕಳು ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಈ ಜಮಖಾನೆಗಳಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ನಾನು ಆರಿಸಿಕೊಂಡದ್ದರ ಮಧ್ಯದಲ್ಲಿ ಪಗಡೆ ಹಾಸಿನ ವಿನ್ಯಾಸವಿತ್ತು. ಅಂಗಡಿಯಲ್ಲಿ ಬಿಡಿಸಿ ತೋರಿಸಿದಾಗ ಸಾಕಷ್ಟು ದೊಡ್ಡದೆನಿಸಿದ ಜಮಖಾನೆ, ಮನೆಯಲ್ಲಿ ಟೀಪಾಯಿಯ ಕೆಳಗೆ ಹಾಸಿದ ಕೂಡಲೇ ಸುತ್ತ ಒಂದೊಂದು ಅಡಿ ಮಾತ್ರ ಹೊರಗೆ ಕಾಣುವಷ್ಟು ಚಿಕ್ಕದಾಯಿತು. ನೋಡಬೇಕಾಗಿದ್ದ ಪಗಡೆಯ ಮನೆಗಳೆಲ್ಲ ಟೀಪಾಯಿಯ ಅಡಿಯಲ್ಲಿ ಮುಚ್ಚಿಹೋದವು. ಸೋಫಾದ ಕಾಲುಗಳು ಹಾಸಿನ ಮೇಲೆ ಬರದಿದ್ದುದರಿಂದ ಅದನ್ನು ಹಿಡಿದಿಡುವ ಭಾರವೂ ಸಾಲದೆ, ನುಣುಪಾದ ಟೈಲ್ಸ್ ಮೇಲೆ ದಿನಕ್ಕೆರಡು ಬಾರಿ ಸರಿಯುತ್ತಿತ್ತು. ಮೊಣಕಾಲು ನೋವಿರುವ ಅಮ್ಮ ಆ ಅಂಚನ್ನು ದಾಟುವಾಗಲೆಲ್ಲ ಗೋಡೆ ಹಿಡಿಯುತ್ತಿದ್ದುದನ್ನು ಕಂಡ ಮೇಲೆ ಅದನ್ನು ಅಲ್ಲಿಂದ ತೆಗೆದೆ.

ಎರಡನೆಯ ಹಾಸನ್ನು ಕೊಳ್ಳುವ ಮುನ್ನ ನೆಲದ ಮೇಲೆಯೇ ಅಳತೆ ಹಾಕಿದೆ. ನಮ್ಮ ನೆಲದ ಟೈಲ್ಸ್ ಒಂದೊಂದೂ ಎರಡಡಿ ಚೌಕವಾಗಿರುವುದರಿಂದ ಲೆಕ್ಕ ಸುಲಭವಾಯಿತು: 5×8 ಎಂದರೆ ಎರಡೂವರೆ ಟೈಲ್ಸ್ ಅಗಲ, ನಾಲ್ಕು ಟೈಲ್ಸ್ ಉದ್ದ. ಮನೆಯಲ್ಲಿದ್ದ ಒಂಟಿ ಹಾಸಿಗೆಯ ಬೆಡ್‌ಶೀಟ್ 60×90 ಇಂಚು, ಅಂದರೆ 5 ಅಡಿಗೆ ಏಳೂವರೆ ಅಡಿ ಇತ್ತು. ಅದನ್ನು ಸೋಫಾದ ಮುಂದೆ ಹಾಸಿ ಎರಡು ದಿನ ಹಾಗೆಯೇ ಬಿಟ್ಟು ಓಡಾಡಿದೆವು. ಈ ಅಳತೆಯಲ್ಲಿ ಸೋಫಾದ ಮುಂಗಾಲುಗಳನ್ನು ಎಂಟು ಇಂಚಿನಷ್ಟು ಹಾಸಿನ ಮೇಲೆ ಕೂರಿಸಲು ಸಾಧ್ಯವಾಯಿತು. ಕೊಂಡು ತಂದ ಹಾಸು ಸೋಫಾದ ಎರಡೂ ಬದಿಗೆ ಅರ್ಧರ್ಧ ಅಡಿ ಹೊರಚಾಚಿತು. ಸರಿಯುವುದು ಪೂರ್ತಿ ನಿಂತಿತು. ನಾಲ್ವರ ಸಂಸಾರವು ಸೋಫಾದ ಮೇಲೆಯೇ ಕೂತು ಕಾಫಿ ಕುಡಿಯುವ ಮನೆಯಾಗಿದ್ದರೆ ನಾನು ಇಲ್ಲಿಗೇ ನಿಲ್ಲಿಸುತ್ತಿದ್ದೆ.

ನಮ್ಮ ಮನೆಯಲ್ಲಿ ನೆಂಟರು ಬಂದರೆ ಅರ್ಧ ಜನ ನೆಲದ ಮೇಲೆ ಕೂರುತ್ತಾರೆ. ಒಬ್ಬರು ಚಕ್ಕಳಮಕ್ಕಳ ಹಾಕಿ ಕೂರಲು ಎರಡಡಿ ಚೌಕ ಬೇಕು. ಸೋಫಾ ಒತ್ತಿಕೊಂಡ ಎಂಟು ಇಂಚು ಕಳೆದರೆ 5×8ರಲ್ಲಿ ಉಳಿಯುವುದು ನಾಲ್ಕಡಿ ನಾಲ್ಕಿಂಚು ಅಗಲ. ಟೀಪಾಯಿ ಸರಿಸಿ ನಾಲ್ವರಂತೆ ಎದುರುಬದುರು ಎರಡು ಸಾಲು ಕೂತರೆ ಮೊಣಕಾಲಿಗೆ ಮೊಣಕಾಲು ತಾಗಿ, ತಿಂಡಿಯ ತಟ್ಟೆಯನ್ನು ತೊಡೆಯ ಮೇಲೆಯೇ ಇಟ್ಟುಕೊಳ್ಳಬೇಕಾಗುತ್ತಿತ್ತು. 6×9 ಹಾಸಿದ ನವರಾತ್ರಿಯಲ್ಲಿ ಅದೇ ಎಂಟು ಮಂದಿ ಕೂತಾಗ ನಡುವೆ ಒಂದಡಿಗೂ ಮಿಕ್ಕಿ ಜಾಗ ಉಳಿಯಿತು. ಅರಿಸಿನ ಕುಂಕುಮದ ತಟ್ಟೆ, ಹೂವಿನ ಬುಟ್ಟಿ, ಚರ್ಪಿನ ಬಟ್ಟಲುಗಳೆಲ್ಲ ಆ ಜಾಗದಲ್ಲಿ ಸಾಲಾಗಿ ಕೂತವು. ನೆಲಹಾಸಿನ ಅಳತೆಯನ್ನು ಸೋಫಾದ ಉದ್ದದಿಂದ ಮಾತ್ರ ನಿರ್ಧರಿಸುವ ಕ್ರಮ ನಮ್ಮ ಮನೆಗಳಿಗೆ ಸಾಲದೆಂದು ನನಗೆ ಮನವರಿಕೆಯಾದದ್ದು ಆ ಸಂಜೆ.

6×9ಕ್ಕೆ ತನ್ನದೇ ಆದ ತೊಡಕುಗಳಿವೆ. 4×6ರ ವಿಸ್ತೀರ್ಣ 24 ಚದರಡಿಯಾದರೆ ಇದರದು 54. ಬೆಲೆಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಒಗೆಯುವ ದಿನ ಇನ್ನೂ ಕಷ್ಟ. ಚಿಕ್ಕ ಜಮಖಾನೆಯನ್ನು ನಾನೊಬ್ಬಳೇ ಬಚ್ಚಲಲ್ಲಿ ತಿಕ್ಕಿ ಬಾಲ್ಕನಿಯಲ್ಲಿ ಒಣಗಿಸುತ್ತೇನೆ. ದೊಡ್ಡದು ನೀರು ಕುಡಿದ ಮೇಲೆ ತಾರಸಿಯ ಗೋಡೆಗೆ ಎತ್ತಿ ಹಾಕಲು ಇಬ್ಬರು ಬೇಕು, ಮೋಡವಿದ್ದರೆ ಒಣಗಲು ಎರಡು ದಿನ ಹಿಡಿಯುತ್ತದೆ. ಮೊದಲ ಒಗೆತದಲ್ಲಿ ಉದ್ದದಲ್ಲಿ ಎರಡು ಇಂಚು ಸೇದಿಕೊಂಡಿತು. ಆದ್ದರಿಂದ ಹತ್ತಿಯ ಹಾಸನ್ನು ಕೊಳ್ಳುವಾಗ ಅಷ್ಟು ಹೆಚ್ಚಿಗೆ ಸೇರಿಸಿಯೇ ಅಳತೆ ಹೇಳಬೇಕು. ಇನ್ನೂ ದೊಡ್ಡದಾದ 8×10ನ್ನು ಬೆಡ್‌ಶೀಟ್‌ಗಳನ್ನು ಜೋಡಿಸಿ ಮಾತ್ರ ಪರೀಕ್ಷಿಸಿದೆ: ಅದರ ಅಂಚು ಅರ್ಧ ಅಡಿಯಷ್ಟು ಟಿವಿ ಸ್ಟ್ಯಾಂಡಿನ ಕೆಳಗೆ ಹೋಯಿತು, ನಡೆದಾಡಲು ಬರಿ ನೆಲವೇ ಉಳಿಯಲಿಲ್ಲ.

ಮಲಗುವ ಕೋಣೆಯಲ್ಲಿ 5 ಅಡಿ ಅಗಲದ ಮಂಚದ ಕೆಳಗೆ 5×8ನ್ನು ಅಡ್ಡಲಾಗಿ ಹಾಸಿದರೆ ಎರಡೂ ಪಕ್ಕ ಒಂದೂವರೆ ಅಡಿ ಹೊರಬರುತ್ತದೆ. ನೋಡಲು ಚೆನ್ನಾಗಿದ್ದರೂ ಹೆಚ್ಚಿನ ಭಾಗ ಮಂಚದಡಿಯಲ್ಲಿ ಧೂಳು ತಿನ್ನುತ್ತದೆ. ಅಲ್ಲಿಗೆ 2×5 ಅಡಿಯ ಎರಡು ಪಟ್ಟಿಗಳೇ ಮೇಲೆಂದು ನನ್ನ ತೀರ್ಮಾನ. ಊಟದ ಮೇಜಿನ ಕೆಳಗೆ ಏನನ್ನೂ ಹಾಸಿಲ್ಲ. ಕುರ್ಚಿ ಹಿಂದಕ್ಕೆ ಎಳೆದಾಗಲೂ ಅದರ ಕಾಲು ಹಾಸಿನ ಮೇಲೆ ಉಳಿಯಬೇಕಾದರೆ ಮೇಜಿನ ಸುತ್ತ ಎರಡೆರಡು ಅಡಿ ಹೆಚ್ಚು ಬೇಕು, ಅಷ್ಟು ದೊಡ್ಡ ಹಾಸಿನ ಮೇಲೆ ದಿನವೂ ಬೀಳುವ ಸಾರಿನ ಕಲೆಯನ್ನು ತೆಗೆಯುತ್ತ ಕೂರಲಾಗದು.

ಈಗ ನಡುಮನೆಯಲ್ಲಿ 6×9 ಇದೆ. 5×8 ಅಕ್ಕನ ಮನೆಗೆ ಹೋಗಿದೆ. ಅವಳ ಸೋಫಾ ಐದಡಿಯದಾದ್ದರಿಂದ ಅಲ್ಲಿ ಅದೇ ಧಾರಾಳವಾಯಿತು. ಪಗಡೆಯ ಜಮಖಾನೆಯನ್ನು ದೇವರ ಮನೆಯ ಮುಂದಿನ ತೆರೆದ ಜಾಗದಲ್ಲಿ, ಕೆಳಗೆ ರಬ್ಬರಿನ ಜಾಳಿಗೆ ಇಟ್ಟು ಹಾಸಿದ್ದೇನೆ. ಮೇಲೆ ಯಾವ ಸಾಮಾನೂ ಇಲ್ಲದ್ದರಿಂದ ನೇಕಾರ್ತಿ ಎಣಿಸಿ ಎಣಿಸಿ ಕೂರಿಸಿದ ಮನೆಗಳು ಒಂದೂ ಬಿಡದೆ ಕಾಣುತ್ತವೆ, ಅಮ್ಮ ಬೆಳಗ್ಗೆ ಅದರ ಮೇಲೆ ಕೂತು ಹೂಬತ್ತಿ ಹೊಸೆಯುತ್ತಾಳೆ.