ಒತ್ತಕ್ಷರ ಒಡೆಯದ ಪಿಡಿಎಫ್ ಬೇಕೆಂದರೆ: ಪ್ಯಾಂಡಾಕ್ ಕನ್ನಡಕ್ಕೆ ಎಷ್ಟು ಒಗ್ಗುತ್ತದೆ?

ಕಲಬುರಗಿಯಲ್ಲಿ ಪ್ರಾಜೆಕ್ಟ್ ವರದಿ, ಪಿಎಚ್‌ಡಿ ಪ್ರಬಂಧ ಅಂದರೆ ಡಿಟಿಪಿ ಅಂಗಡಿಯ ಹಾದಿ ಹಿಡಿಯುವವರೇ ಹೆಚ್ಚು. ತಲೆಬರಹ, ಪಟ್ಟಿಗಳನ್ನು ಸರಳ ಚಿಹ್ನೆಗಳಿಂದ ಗುರುತಿಸುವ ಮಾರ್ಕ್‌ಡೌನ್‌ನಲ್ಲಿ ಬರೆದು ಪಿಡಿಎಫ್ ತಾವೇ ಮಾಡಿಕೊಳ್ಳುವವರಿಗೆ ಪ್ಯಾಂಡಾಕ್ ಇದೆ. ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಶುರು ಮಾಡಿದ, ಕಡತವನ್ನು ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸುವ ತಂತ್ರಾಂಶ, ಪೂರ್ತಿ ಉಚಿತ. ಕೆಲಸ ಚೊಕ್ಕಟ. ಆದರೆ ಕನ್ನಡದ ಮಟ್ಟಿಗೆ ನಾವು ಹೇಳದೆ ತಾನಾಗಿ ಏನೂ ಮಾಡುವುದಿಲ್ಲ.

ಮೊದಲ ಎಡವಟ್ಟು ಎಂಜಿನ್‌ನದು. ಪಿಡಿಎಫ್‌ಗೆ ಪ್ಯಾಂಡಾಕ್ ಪುಟ ಜೋಡಿಸುವ ಲೇಟೆಕ್ ಎಂಬ ತಂತ್ರಾಂಶವನ್ನು ನಂಬಿದೆ, ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಅದರಲ್ಲಿ ಪ್ಯಾಂಡಾಕ್ ತಾನಾಗಿ ಆರಿಸಿಕೊಳ್ಳುವ ಪಿಡಿಎಫ್‌ಲೇಟೆಕ್ ಎಂಜಿನ್ ಕನ್ನಡದ ಮೊದಲ ಅಕ್ಷರಕ್ಕೇ ದೋಷ ತೋರಿಸಿ ನಿಲ್ಲುತ್ತದೆ. ಎಂಜಿನ್ ಝೀಲೇಟೆಕ್ ಎಂದು ಕೊಟ್ಟರೆ ದೋಷ ಹೋಗುತ್ತದೆ, ಆದರೆ ಪುಟ ಖಾಲಿ! ಅದರ ಮಾಮೂಲಿ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇಲ್ಲ. ಕಡತದ ತಲೆಯಲ್ಲಿ ಬರೆಯುವ ಸೆಟ್ಟಿಂಗ್‌ಗಳಲ್ಲಿ ಮೇನ್‌ಫಾಂಟ್‌ಗೆ (ಮುಖ್ಯ ಫಾಂಟ್) ನೋಟೊ ಸೆರಿಫ್ ಕನ್ನಡ ಹಾಕಿ. ಇಷ್ಟಾದರೂ ಒತ್ತಕ್ಷರ ಬಿಡಿಬಿಡಿಯಾಗಿ ಬಂದರೆ ಮೇನ್‌ಫಾಂಟ್‌ಆಪ್ಶನ್ಸ್‌ನಲ್ಲಿ ಸ್ಕ್ರಿಪ್ಟ್ ಕನ್ನಡ ಎಂದು ಸೇರಿಸಿ. ಬಹುಪಾಲು ಜನ ಸೋಲುವುದು ಈ ಒಂದು ಸಾಲು ಬಿಟ್ಟುಹೋಗಿ. ಲುವಾಲೇಟೆಕ್ ಎಂಬ ಇನ್ನೊಂದು ಎಂಜಿನ್ ಬಳಸುವವರು ಅಲ್ಲೇ ರೆಂಡರರ್ ಹಾರ್ಫ್‌ಬಜ್ ಎಂದೂ ಹೇಳಬೇಕು. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನ ಬರಹವಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಅದರೊಳಗೆ ಇರುವುದು ಕನ್ನಡದ ವೇಷ ಹಾಕಿದ ಇಂಗ್ಲಿಷ್ ಸಂಕೇತಗಳು, ಯಾವ ಎಂಜಿನ್ನೂ ಅದನ್ನು ಓದಲಾರದು.

ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದ್ದರೆ ಲೈನ್‌ಸ್ಟ್ರೆಚ್ (ಸಾಲುಗಳ ನಡುವಿನ ಅಂತರ) 1.3 ಮಾಡಿ. ಕೋಡ್ ಎಂದು ಗುರುತು ಹಾಕಿದ ಭಾಗದಲ್ಲಿ ಕನ್ನಡ ಮಾಯವಾದರೆ ಮೋನೋಫಾಂಟ್‌ಗೂ ಕನ್ನಡದ ಫಾಂಟನ್ನೇ ಕೊಡಿ. ನೋಟೊ ಸೆರಿಫ್ ಕನ್ನಡಕ್ಕೆ ಓರೆ ಅಕ್ಷರ ಇಲ್ಲ, ಒಂಟಿ ನಕ್ಷತ್ರಗಳ (*) ನಡುವೆ ಬರೆದ ಮಾತು ನೆಟ್ಟಗೇ ಅಚ್ಚಾಗುತ್ತದೆ. ಕನ್ನಡಕ್ಕೆ ದಪ್ಪಕ್ಷರವೇ ಚೆಂದ, ಓರೆಯ ಹಿಂದೆ ಬೀಳಬೇಡಿ.

ನಿಂತ ಗೆರೆ (|) ಹಾಕಿ ಬರೆಯುವ ಪೈಪ್ ಕೋಷ್ಟಕ ಮಾತ್ರ ತಲೆನೋವು. ಆಳಂದ, ಸೇಡಂ, ಚಿಂಚೋಳಿ ಎಂದು ತಾಲ್ಲೂಕುವಾರು ತೊಗರಿ ಸಮೀಕ್ಷೆಯ ಕೋಷ್ಟಕ ಹಾಕಿದ್ದೀರಿ ಎನ್ನಿ: ಕ್ರಮಸಂಖ್ಯೆಗೆ ಒಂದು ಗೇಣು ಜಾಗ, ಷರಾ ಕಾಲಮ್ಮು ಇಕ್ಕಟ್ಟು. ಮೂಲ ಕಡತದಲ್ಲಿ ಒಂದೇ ಒಂದು ಸಾಲು 72 ಅಕ್ಷರಗಳ ಅಗಲ ಮೀರಿದರೂ ಪ್ಯಾಂಡಾಕ್ ಇಡೀ ಕೋಷ್ಟಕವನ್ನು ಪುಟದಗಲ ಚಾಚಿ, ತಲೆಸಾಲಿನ ಕೆಳಗಿನ ಅಡ್ಡಗೆರೆಗಳ (-) ಎಣಿಕೆಯಂತೆ ಜಾಗ ಹಂಚುತ್ತದೆ. ಎಲ್ಲ ಕಡೆ ಮೂರು ಮೂರು ಗೆರೆ ಹಾಕಿದರೆ ಎಲ್ಲಕ್ಕೂ ಸಮಪಾಲು. ಕ್ರಮಸಂಖ್ಯೆಗೆ 5, ತಾಲ್ಲೂಕಿಗೆ 15, ಷರಾಕ್ಕೆ 40 ಗೆರೆ ಹಾಕಿದರೆ ಅದೇ ಪ್ರಮಾಣ ಸಿಗುತ್ತದೆ. ಸಾಲುಗಳೆಲ್ಲ 72ರೊಳಗೇ ಇದ್ದರೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಮಾತು ಮಡಚದೆ, ಅಕ್ಷರ ದೊಡ್ಡದಿದ್ದಾಗ ಬಲ ಅಂಚು ದಾಟುತ್ತದೆ. ಆಗ ಈ 72ರ ಮಿತಿಯನ್ನು ಹಿಡಿದಿಡುವ ಕಾಲಮ್ಸ್ ಆಯ್ಕೆಯನ್ನು 40ಕ್ಕೆ ಇಳಿಸಿ.

ಪಟ್ಟಿಯ ಅಂಶಗಳು ಪ್ಯಾರಾಕ್ಕೆ ಅಂಟಿ ಒಂದೇ ಸಾಲಾಗಿ ಬಂದರೆ ಪಟ್ಟಿಯ ಮೊದಲು ಖಾಲಿ ಸಾಲು ಬಿಟ್ಟಿಲ್ಲ ಎಂದರ್ಥ. ತಲೆಬರಹಕ್ಕೂ ಇದೇ ನಿಯಮ. ಚಿತ್ರ ಜಾಗ ಬಿಟ್ಟು ಮುಂದಿನ ಪುಟಕ್ಕೆ ಓಡುತ್ತಿದ್ದರೆ ಇಂಪ್ಲಿಸಿಟ್ ಫಿಗರ್ಸ್ ಎಂಬ ವಿಸ್ತರಣೆಯನ್ನು ಬಂದ್ ಮಾಡಿ.

ನಮ್ಮ ಭಾಗದ ಬರಹದಲ್ಲಿ ಉರ್ದು ಸಾಲೂ ಬರುತ್ತದೆ, ಬೀದರಿನಲ್ಲಿ ಮರಾಠಿಯೂ. ಕನ್ನಡ ಫಾಂಟಿನಲ್ಲಿ ಉರ್ದು ಕಾಣುವುದಿಲ್ಲ, ಬಲದಿಂದ ಎಡಕ್ಕೆ ಹೋಗುವ ಸಾಲಿಗೆ ಲೇಟೆಕ್‌ನಲ್ಲಿ ಸರ್ಕಸ್ ಹೆಚ್ಚು. ಅಂಥ ಕಡತವನ್ನು ಎಚ್‌ಟಿಎಂಎಲ್ ಮಾಡಿ ಕ್ರೋಮ್‌ನಿಂದ ಪಿಡಿಎಫ್ ತೆಗೆಯುವುದೇ ಮೇಲು. ಫಾಂಟಿನಲ್ಲಿ ಇಲ್ಲದ ಅಕ್ಷರಕ್ಕೆ ಬ್ರೌಸರ್ ಬೇರೆ ಫಾಂಟನ್ನು ತಾನೇ ಹುಡುಕಿಕೊಳ್ಳುತ್ತದೆ. ಮುದ್ರಣದ ಕಿಟಕಿಯಲ್ಲಿ ಹೆಡರ್-ಫೂಟರ್ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಪ್ರತಿ ಪುಟದಲ್ಲೂ ದಿನಾಂಕ ಕೂತಿರುತ್ತದೆ.

ಪೇಪರ್‌ಸೈಜ್ ಎ4 ಎಂದು ಬರೆಯಲು ಮರೆಯಬೇಡಿ. ಲೇಟೆಕ್‌ನ ಸಾಮಾನ್ಯ ಮಾದರಿಗಳು ಅಮೆರಿಕದ ಲೆಟರ್ ಅಳತೆ ಹಿಡಿಯುತ್ತವೆ: 216 ಮಿ.ಮೀ. ಅಗಲ, 279 ಎತ್ತರ. ನಮ್ಮ ಎ4 210 ಅಗಲ, 297 ಎತ್ತರ. ಸ್ಪೈರಲ್ ಬೈಂಡಿಂಗ್ ಇದ್ದರೆ ಎಡ ಅಂಚು 38, ಉಳಿದವು 25 ಮಿ.ಮೀ. ಇಡಿ. ಸೂಪರ್ ಮಾರ್ಕೆಟ್ ಕಡೆಯ ಜೆರಾಕ್ಸ್ ಅಂಗಡಿಗೆ ವರ್ಡ್ ಕಡತ ಒಯ್ಯಬೇಡಿ, ಫಾಂಟ್ ಒಳಗೇ ಇರುವ ಪಿಡಿಎಫ್ ಒಯ್ಯಿರಿ. ‘ಫಿಟ್ ಟು ಪೇಜ್ ಬ್ಯಾಡ್ರಿ, ಆ್ಯಕ್ಚುಯಲ್ ಸೈಜ್‌ನಾಗ ತೆಗೀರಿ’ ಅಂತ ಮೊದಲೇ ಹೇಳಿಬಿಡಿ.